ಸಾಕ್ಷಿ ಹೇಳುವ ಕಂಬ

1903ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮೋಟಾರು ಕಾರುಗಳಿಗಾಗಿ ಒಂದು ಕಾಯ್ದೆ ಮಾಡಿತು. ಗಂಟೆಗೆ 20 ಮೈಲಿಯ ವೇಗಮಿತಿ, ಪ್ರತಿ ವಾಹನಕ್ಕೂ ನೋಂದಣಿ ಸಂಖ್ಯೆ, ಅದನ್ನು ಎದ್ದು ಕಾಣುವಂತೆ ತಗುಲಿಸುವ ಕಟ್ಟಳೆ, ಇವೆಲ್ಲ ಅದರಲ್ಲಿದ್ದವು. ಜೊತೆಗೆ ಇನ್ನೊಂದು ಸಣ್ಣ ಮಾತಿತ್ತು: ವಾಹನ ಅತಿವೇಗದಲ್ಲಿತ್ತೆಂದು ಒಬ್ಬನೇ ಸಾಕ್ಷಿ ತನ್ನ ಅಭಿಪ್ರಾಯ ಹೇಳಿದ ಮಾತ್ರಕ್ಕೆ ಯಾರನ್ನೂ ಶಿಕ್ಷಿಸಕೂಡದು. ವೇಗವೆಂಬುದು ಕಣ್ಣಳತೆಗೆ ಸಿಕ್ಕುವ ವಸ್ತುವಲ್ಲ, ಕಾನ್‌ಸ್ಟೇಬಲ್ಲನ ಕಣ್ಣಾದರೂ ಸರಿಯೇ, ಎಂಬ ಅನುಮಾನ ಅದು. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 183ನೆಯ ಪ್ರಕರಣದಲ್ಲಿಯೂ ಈ ಅನುಮಾನ ಜೀವಂತವಾಗಿದೆ. ಅಲ್ಲಿ ಒಬ್ಬನ ಅಂದಾಜು ನಿಲ್ಲಬೇಕಾದರೆ ಅದರ ಹಿಂದೆ ಒಂದು ಯಾಂತ್ರಿಕ ಅಥವಾ ವಿದ್ಯುನ್ಮಾನ ಸಾಧನವಿರಬೇಕು. ಇಂದು ಪುಣೆಯ ಚೌಕಗಳಲ್ಲಿ ಕಂಬವೇರಿ ಕುಳಿತ ಕ್ಯಾಮೆರಾಗಳ ವಂಶವೃಕ್ಷವನ್ನು ಬರೆಯುವುದಾದರೆ, ಅದರ ಬೇರು ಮನುಷ್ಯಸಾಕ್ಷಿಯ ಮೇಲಿನ ಈ ಅಪನಂಬಿಕೆಯಲ್ಲಿದೆ.

ಯಂತ್ರವನ್ನು ಕೊಟ್ಟವನು ಪೊಲೀಸನಲ್ಲ, ವೇಗದ ವ್ಯಸನಿ. ಜಾವಾದಲ್ಲಿ ಹುಟ್ಟಿದ ಡಚ್ಚನಾದ ಮಾಸ್ ಗ್ಯಾಟ್ಸೊನೈಡಿಸ್ 1953ರ ಮಾಂಟೆ ಕಾರ್ಲೋ ರ್‍ಯಾಲಿಯನ್ನು ಗೆದ್ದವನು. ತಿರುವುಗಳಲ್ಲಿ ತನ್ನ ಕಾರು ಎಷ್ಟು ವೇಗವಾಗಿ ಸಾಗುತ್ತಿದೆ, ಇನ್ನೂ ಎಷ್ಟು ಹೆಚ್ಚಿಸಬಹುದು ಎಂದು ಅಳೆಯಲು ಆತ ಕಟ್ಟಿಕೊಂಡ ಸಾಧನವೇ ಮುಂದೆ ಪೊಲೀಸರ ಕೈಸೇರಿತು. 1958ರಲ್ಲಿ ಆತ ಕಂಪನಿ ತೆರೆದ. 1960ರ ದಶಕದಲ್ಲಿ ಕೆಂಪು ದೀಪ ದಾಟುವವರನ್ನು ಹಿಡಿಯುವ ಕ್ಯಾಮೆರಾವನ್ನೂ ತಂದ. ಇನ್ನೂ ವೇಗವಾಗಿ ಓಡಲೆಂದು ಹುಟ್ಟಿದ ಉಪಕರಣ ಓಡುವವರ ಕಾಲಿಗೇ ತೊಡರುಗಾಲು ಕೊಟ್ಟಿತು.

ಪುಣೆಗೆ ಕ್ಯಾಮೆರಾ ಬಂದ ಬಗೆ ಬೇರೆ. 2010ರ ಫೆಬ್ರವರಿ 13ರಂದು ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ ಬಾಂಬು ಸಿಡಿಯಿತು. 2012ರ ಆಗಸ್ಟ್ 1ರಂದು ಜಂಗ್ಲಿ ಮಹಾರಾಜ ರಸ್ತೆಯಲ್ಲಿ ಸರಣಿ ಸ್ಫೋಟಗಳಾದವು. ಊರೆಲ್ಲ ಕಣ್ಗಾವಲು ಬೇಕೆಂಬ ಕೂಗು ಎದ್ದದ್ದು ಈ ಗಾಯಗಳಿಂದ; ಆ ಬಳಿಕ ನಗರದುದ್ದಕ್ಕೂ ಸಾವಿರಕ್ಕೂ ಮಿಕ್ಕಿ ಕ್ಯಾಮೆರಾಗಳು ನಿಂತವು. ಭಯೋತ್ಪಾದಕನನ್ನು ಕಾಯಲು ನಿಂತ ಆ ಕಣ್ಣಿಗೆ ದಿನನಿತ್ಯ ಬಿದ್ದದ್ದು ಸ್ಕೂಟರಿನ ಮೇಲೆ ಬರಿದಲೆಯಲ್ಲಿ ಹೊರಟ ಸದಾಶಿವಪೇಟೆಯ ಗೃಹಸ್ಥ, ಜೀಬ್ರಾ ಪಟ್ಟೆಯ ಮೇಲೆ ಮುಂಗಾಲಿ ಚಾಚಿ ನಿಂತ ಕಾಲೇಜು ಹುಡುಗ. ಒಂದು ಕಾರಣಕ್ಕೆ ಕಟ್ಟಿದ ಯಂತ್ರ ಇನ್ನೊಂದಕ್ಕೆ ದುಡಿಯತೊಡಗುವುದು ಆಡಳಿತದಲ್ಲಿ ಅಪರೂಪವೇನಲ್ಲ. ಸರ್ಕಾರಿ ನೌಕರನಾದ ನನಗೆ ಅದು ಆಶ್ಚರ್ಯದ ಸಂಗತಿಯೂ ಅಲ್ಲ.

ಒಂದು ಕಾಲಕ್ಕೆ ಸೈಕಲ್ಲುಗಳ ಊರೆನಿಸಿದ್ದ ಪುಣೆ, ಆಕುರ್ಡಿಯ ಬಜಾಜ್ ಕಾರ್ಖಾನೆಯ ಕಾಲದಲ್ಲಿ ಸ್ಕೂಟರುಗಳ ಊರಾಯಿತು. ಇಲ್ಲಿಯ ಸವಾರ ಸಂಚಾರ ಪೊಲೀಸನನ್ನು ಕರೆಯುವುದು ‘ಮಾಮಾ’ ಎಂದು. ನಮ್ಮ ಸೋದರಮಾವನೇ ಆತ, ಗದರಬಹುದು, ಕರಗಲೂಬಹುದು. ‘ಮಾಮಾ, ಆಸ್ಪತ್ರೆಗೆ ಹೊರಟಿದ್ದೆ’ ಎಂದರೆ ಕೇಳುವ ಕಿವಿ ಅಲ್ಲಿತ್ತು, ಕೆಲವೊಮ್ಮೆ ಚಾಚುವ ಕೈಯೂ ಇತ್ತು. 2019ರ ಜನವರಿ 1ರಿಂದ ಹೆಲ್ಮೆಟ್ ಕಡ್ಡಾಯವನ್ನು ಬಿಗಿಯಾಗಿ ಜಾರಿಗೊಳಿಸಲು ಹೊರಟಾಗ ಈ ಊರು ಬೀದಿಗಿಳಿದು ಪ್ರತಿಭಟಿಸಿತು. ಕಂಬದೆದುರು ಪ್ರತಿಭಟನೆಯೂ ಇಲ್ಲ, ಪುಸಲಾಯಿಸುವುದೂ ಇಲ್ಲ. ಮೊಬೈಲಿಗೆ ಸಂದೇಶವೊಂದು ಬರುತ್ತದೆ, ಅಷ್ಟೆ. ಲಂಚ ತಪ್ಪಿತೆಂಬುದು ನಿಜವಾದ ಲಾಭ. ಅದನ್ನು ನಾನು ಕಡಿಮೆಯೆಂದು ಎಣಿಸುವುದಿಲ್ಲ. ಆದರೆ ಆಸ್ಪತ್ರೆಗೆ ನಿಜವಾಗಿಯೂ ಹೊರಟಿದ್ದವನ ಮಾತು ಈಗ ಎಲ್ಲಿಗೆ ಹೋಗಬೇಕು?

ಕಾನೂನಿಗೆ ಈ ಪ್ರಶ್ನೆ ಹೊಳೆದಿಲ್ಲವೆನ್ನಲಾಗದು. 2019ರ ತಿದ್ದುಪಡಿಯಲ್ಲಿ ಸೇರಿದ 136ಎ ಪ್ರಕರಣ ವಿದ್ಯುನ್ಮಾನ ನಿಗಾವಣೆಗೆ ಅಧಿಕಾರ ಕೊಟ್ಟರೆ, 2021ರ ಆಗಸ್ಟ್‌ನಲ್ಲಿ ಬಂದ 167ಎ ನಿಯಮ ಅದಕ್ಕೆ ಕಡಿವಾಣ ಹಾಕಿತು. ಉಪಕರಣಕ್ಕೆ ವರ್ಷವರ್ಷವೂ ನವೀಕರಿಸುವ ಅನುಮೋದನಾ ಪತ್ರವಿರಬೇಕು. ಕ್ಯಾಮೆರಾ ಇದೆಯೆಂದು ಸಾರುವ ಫಲಕ ಮೊದಲೇ ಕಾಣಬೇಕು. ಅಪರಾಧ ನಡೆದ 15 ದಿನಗಳೊಳಗೆ ನೋಟಿಸು ಕಳುಹಿಸಬೇಕು. ಸಾಕ್ಷಿಯನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆನ್ನುವುದು ಮನುಷ್ಯಸಾಕ್ಷಿಗೆ ಎಂದೂ ಇರದಿದ್ದ ಕಟ್ಟುನಿಟ್ಟು. ದಂಡ ತೆರುವ ನಮ್ಮವರಲ್ಲಿ ಈ ನಿಯಮವನ್ನು ಓದಿದವರು ಎಷ್ಟು ಜನರೋ.

2024ರ ಜುಲೈಯಿಂದ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಹೊಸ ವ್ಯವಸ್ಥೆ ಆರಂಭವಾಯಿತು. ಒಂದೇ ಬಿಂದುವಿನಲ್ಲಿ ವೇಗ ಅಳೆದರೆ ಸವಾರ ಕ್ಯಾಮೆರಾದ ಬಳಿ ಬ್ರೇಕೊತ್ತಿ ಮುಂದೆ ಮತ್ತೆ ಹಾರುತ್ತಾನೆ. ಅದಕ್ಕಾಗಿ ಎರಡು ಕಡೆ ನಂಬರ್ ಪ್ಲೇಟ್ ಓದಿ, ನಡುವಣ ದೂರವನ್ನು ತೆಗೆದುಕೊಂಡ ಸಮಯದಿಂದ ಭಾಗಿಸುತ್ತಾರೆ. ಹತ್ತು ಕಿಲೋಮೀಟರನ್ನು ಐದು ನಿಮಿಷದಲ್ಲಿ ಮುಗಿಸಿದವನ ಸರಾಸರಿ ಗಂಟೆಗೆ 120. ಕಾರಿಗಿರುವ ಮಿತಿ 100. ಇಲ್ಲಿ ವಾದಕ್ಕೆ ಎಡೆಯಿಲ್ಲ. ಸಾಕ್ಷಿ ಹೇಳುವುದು ನಮ್ಮ ಐದನೆಯ ತರಗತಿಯ ಗಣಿತ.

ಆದರೂ ದಂಡ ವಿಧಿಸುವುದು ಬೇರೆ, ವಸೂಲಾಗುವುದು ಬೇರೆ. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಘೋಷಿಸಿದಾಗ ಬೆಂಗಳೂರಿಗರು ಸಾಲುಗಟ್ಟಿ ನಿಂತು ಕೋಟಿಗಟ್ಟಲೆ ಕಟ್ಟಿದರು. ಕಾಯುತ್ತ ಕುಳಿತರೆ ದಂಡವೂ ಆಷಾಢದ ಸೀರೆಯಂತೆ ಅರ್ಧ ಬೆಲೆಗೆ ದೊರೆಯುವುದೆಂಬ ಪಾಠ ಆಗಲೇ ಕಲಿತಾಯಿತು. ಮಹಾರಾಷ್ಟ್ರದಲ್ಲಿ ಲೋಕ ಅದಾಲತ್ತಿಗಾಗಿ ಕಾಯುವವರದೂ ಇದೇ ಲೆಕ್ಕ. ಸಮಯಕ್ಕೆ ಕಟ್ಟಿದವನು ಪೆದ್ದನಾದ.

ಇದಕ್ಕಿಂತ ಗಂಭೀರವಾದ ತೊಡಕು ಆ 1903ರ ಕಾಯ್ದೆಯ ಇನ್ನೊಂದು ಕೂಸಾದ ನಂಬರ್ ಪ್ಲೇಟಿನದು. ಕ್ಯಾಮೆರಾ ಕಾಣುವುದು ವಾಹನವನ್ನು, ಚಲನ್ ಹೋಗುವುದು ಒಡೆಯನಿಗೆ. ಓಡಿಸಿದವರು ಯಾರೆಂದು ತಿಳಿಸುವ ಹೊಣೆಯನ್ನು 133ನೆಯ ಪ್ರಕರಣ ಒಡೆಯನ ಮೇಲೆಯೇ ಹೊರಿಸುತ್ತದೆ. ಒಡೆಯ ಸುಳ್ಳು ಹೇಳಿದರೆ? ಪ್ಲೇಟೇ ಇಲ್ಲದಿದ್ದರೆ? 2024ರ ಮೇ 19ರ ನಡುರಾತ್ರಿ ಕಳೆದ ಮೇಲೆ ಕಲ್ಯಾಣಿನಗರದಲ್ಲಿ ಇಬ್ಬರು ಯುವ ಎಂಜಿನಿಯರುಗಳನ್ನು ಬಲಿತೆಗೆದುಕೊಂಡ ಪೋರ್ಶೆ ಕಾರು ಬೆಂಗಳೂರಿನ ವ್ಯಾಪಾರಿಯ ಮೂಲಕ ಬಂದದ್ದು. ಶಾಶ್ವತ ನೋಂದಣಿ ಆಗಿರಲಿಲ್ಲ, ನಂಬರ್ ಪ್ಲೇಟೂ ಇರಲಿಲ್ಲ. ಊರಿನ ಅಷ್ಟೂ ಕಂಬಗಳಿಗೆ ಅದು ಹೆಸರಿಲ್ಲದ ಕಾರು. ಓಡಿಸುತ್ತಿದ್ದನೆನ್ನಲಾದ ಹದಿನೇಳರ ಹುಡುಗನಿಗೆ ಮೊದಲು ಜಾಮೀನು ಸಿಕ್ಕಿದಾಗ ವಿಧಿಸಿದ ಷರತ್ತುಗಳಲ್ಲಿ ಒಂದು, ರಸ್ತೆ ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ. ಬಳಿಕ, ಚಕ್ರ ಹಿಡಿದಿದ್ದವನು ತಾನೆಂದು ಒಪ್ಪಿಕೊಳ್ಳುವಂತೆ ಮನೆಯ ಚಾಲಕನನ್ನು ಒತ್ತಾಯಿಸಿದರೆಂಬ ಆರೋಪವೂ ಎದ್ದಿತು. ಆ ರಾತ್ರಿ ಹುಡುಗನನ್ನು ಅಲ್ಲಿಯೇ ಹಿಡಿದು ಪೊಲೀಸರಿಗೆ ಒಪ್ಪಿಸಿದವರು ರಸ್ತೆಯಲ್ಲಿದ್ದ ಜನ.