ಸ್ಟ್ಯಾಕ್ ಓವರ್‌ಫ್ಲೋ: ಪತ್ತೆ ಮತ್ತು ಪರಿಹಾರದ ಚರಿತ್ರೆ

ಸ್ಟ್ಯಾಕಿನ ಮಿತಿ ಮೀರಿದ ಪ್ರೋಗ್ರಾಮ್ ಇಂದು ಸಾಮಾನ್ಯವಾಗಿ ಅಲ್ಲೇ ನಿಂತುಹೋಗುತ್ತದೆ, ಜೊತೆಗೊಂದು ದೋಷಸಂದೇಶವನ್ನೂ ಕೊಡುತ್ತದೆ. ಹಾಗೆ ನಿಲ್ಲುವಂತೆ ಮಾಡಲು ಹಲವು ದಶಕಗಳೇ ಬೇಕಾದವು. ಅದಕ್ಕೂ ಮೊದಲು ಮಿತಿ ಮೀರಿದ ಸ್ಟ್ಯಾಕ್ ಪಕ್ಕದ ಮೆಮೊರಿಯ ಮೇಲೆ ಸದ್ದಿಲ್ಲದೆ ಬರೆಯುತ್ತಾ ಹೋಗುತ್ತಿತ್ತು. ಹಾನಿ ಬೆಳಕಿಗೆ ಬರುತ್ತಿದ್ದುದು ಬೇರೆಲ್ಲೋ, ಬಹಳ ಹೊತ್ತಾದ ಮೇಲೆ. ಆದ್ದರಿಂದ ಈ ದೋಷದ ಚರಿತ್ರೆಗೆ ರಿಕರ್ಷನ್, ಅಂದರೆ ಉಪವಿಧಿ ತನ್ನನ್ನು ತಾನೇ ಕರೆದುಕೊಳ್ಳುವ ಕ್ರಮ, ಬೆಳೆದುಬಂದ ಬಗೆಯನ್ನಷ್ಟೇ ನೋಡಿದರೆ ಸಾಲದು. ಮಿತಿ ಮೀರಿದ್ದನ್ನು ಯಾರು ಗಮನಿಸಿದರು, ಯಾವ ಕ್ಷಣದಲ್ಲಿ ಗಮನಿಸಿದರು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ ಎಂಬುದು ಈ ಲೇಖನದ ವಾದ.

ಸ್ಟ್ಯಾಕಿನ ಕಥೆ ಶುರುವಾಗುವುದು ಒಂದು ಪ್ರಶ್ನೆಯಿಂದ: ಉಪವಿಧಿಯೊಂದು ಮುಗಿದ ಮೇಲೆ ಮರಳಬೇಕಾದ ವಿಳಾಸವನ್ನು ಎಲ್ಲಿಡಬೇಕು? ಅಲನ್ ಟ್ಯೂರಿಂಗ್ ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಗಾಗಿ 1945ರ ಕೊನೆಗೆ ಬರೆದ ಎಸಿಇ ಯಂತ್ರದ ವರದಿಯಲ್ಲಿ ಇದಕ್ಕೆ ಉತ್ತರವಿದೆ: ವಿಳಾಸವನ್ನು ‘ಬರಿ’ ಎಂಬ ಆದೇಶದಿಂದ ಹೂತಿಟ್ಟು, ‘ಅನ್‌ಬರಿ’ ಎಂಬುದರಿಂದ ಹೊರತೆಗೆಯುವುದು. ಆದರೆ ಆರಂಭಕಾಲದ ಯಂತ್ರಗಳು ಹಿಡಿದದ್ದು ಬೇರೆ ದಾರಿ. ಕೇಂಬ್ರಿಜ್‌ನ ಎಡ್‌ಸ್ಯಾಕ್‌ನಲ್ಲಿ ಡೇವಿಡ್ ವೀಲರ್ ರೂಪಿಸಿದ ವಿಧಾನದಲ್ಲಿ ಮರಳುವ ಆದೇಶವನ್ನು ಉಪವಿಧಿಯೊಳಗೇ ಬರೆಯಲಾಗುತ್ತಿತ್ತು. ಅಂಥ ಉಪವಿಧಿ ತನ್ನನ್ನು ತಾನೇ ಕರೆದುಕೊಂಡರೆ ಹಳೆಯ ವಿಳಾಸ ಅಳಿಸಿಹೋಗುತ್ತದೆ. 1957ರ ಫೋರ್ಟ್ರಾನ್ ಕೂಡ ಪ್ರತಿ ಚರಕ್ಕೂ ಮೊದಲೇ ಜಾಗ ಗೊತ್ತುಪಡಿಸುತ್ತಿತ್ತು. ಆ ಭಾಷೆಯ ಮಾನಕ ರಿಕರ್ಷನ್ನಿಗೆ ಒಪ್ಪಿಗೆ ಕೊಟ್ಟದ್ದು ಫೋರ್ಟ್ರಾನ್ 90ರಲ್ಲಿ. ಮೊದಲೇ ಜಾಗ ಗೊತ್ತುಪಡಿಸುವ ಈ ವ್ಯವಸ್ಥೆಯನ್ನು ಹಿಂದುಳಿದದ್ದೆಂದು ತಳ್ಳಿಹಾಕುವಂತಿಲ್ಲ. ಪ್ರೋಗ್ರಾಮಿಗೆ ಎಷ್ಟು ಮೆಮೊರಿ ಬೇಕೆಂಬುದು ಅದು ಓಡುವ ಮೊದಲೇ ಪೂರ್ತಿ ತಿಳಿದಿರುತ್ತಿತ್ತು.

ಆ ಖಾತ್ರಿ ಹೋದದ್ದು ಅಲ್ಗಾಲ್ 60 ಭಾಷೆಯಿಂದ. ಮ್ಯೂನಿಕ್‌ನ ಕ್ಲೌಸ್ ಸಾಮೆಲ್ಸನ್ ಮತ್ತು ಫ್ರೀಡ್ರಿಶ್ ಬಾವರ್ 1957ರಲ್ಲೇ ಸ್ಟ್ಯಾಕ್ ತತ್ವಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು, ಆದರೆ ಅವರ ಗಮನವಿದ್ದದ್ದು ಮುಖ್ಯವಾಗಿ ಗಣಿತೋಕ್ತಿಗಳನ್ನು ಬಿಡಿಸುವುದರ ಮೇಲೆ. 1960ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ವಾನ್ ವೈನ್‌ಗಾರ್ಡನ್ ಮತ್ತು ಡೈಕ್‌ಸ್ಟ್ರಾ, ಅಲ್ಗಾಲ್ 60 ವರದಿಯ ಸಂಪಾದಕ ಪೀಟರ್ ನೌರ್ ಅವರಿಗೆ ಫೋನ್ ಮಾಡಿ ರಿಕರ್ಷನ್ನಿಗೆ ಅವಕಾಶ ಕೊಡುವ ಒಂದು ವಾಕ್ಯ ಸೇರಿಸುವಂತೆ ಸೂಚಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಡೈಕ್‌ಸ್ಟ್ರಾ ಮತ್ತು ಸೋನೆವೆಲ್ಡ್ ಎಕ್ಸ್1 ಯಂತ್ರದಲ್ಲಿ ಅಲ್ಗಾಲ್ ಕಂಪೈಲರನ್ನು ನಡೆಸಿ ತೋರಿಸಿದರು. ಪ್ರತಿ ಕರೆಗೂ ಸ್ಟ್ಯಾಕಿನ ಮೇಲೆ ಹೊಸ ಜಾಗ ಸಿಗುವ ಪದ್ಧತಿ ಗಟ್ಟಿಯಾಯಿತು. ಅದರ ಬೆನ್ನಿಗೇ ಎಷ್ಟು ಜಾಗ ಬೇಕಾದೀತೆಂದು ಮುಂಚಿತವಾಗಿ ಹೇಳುವುದು ಅಸಾಧ್ಯವಾಯಿತು, ಏಕೆಂದರೆ ಕರೆಗಳ ಆಳವನ್ನು ನಿರ್ಧರಿಸುವುದು ಇನ್ನು ಪ್ರೋಗ್ರಾಮಿಗೆ ಬರುವ ದತ್ತಾಂಶ.

ಪರಿಹಾರದ ಚಿಂತನೆ ಕೂಡ ಅಷ್ಟೇ ಹಳೆಯದು. ಪಟ್ಟಿಯನ್ನು ಭಾಗ ಮಾಡುತ್ತಾ ವಿಂಗಡಿಸುವ ಕ್ವಿಕ್‌ಸಾರ್ಟ್ ಕುರಿತ 1962ರ ಲೇಖನದಲ್ಲಿ ಟೋನಿ ಹೋರ್ ಒಂದು ನಿಯಮ ಕೊಟ್ಟರು: ಎರಡು ಭಾಗಗಳಲ್ಲಿ ದೊಡ್ಡದನ್ನು ಯಾವಾಗಲೂ ಮುಂದಕ್ಕೆ ಹಾಕಿ, ಚಿಕ್ಕದನ್ನು ಮೊದಲು ಮುಗಿಸಬೇಕು. ಹಾಗೆ ಮಾಡಿದರೆ 10 ಲಕ್ಷ ಅಂಶಗಳ ಪಟ್ಟಿಗೂ ಆಳ ಸುಮಾರು 20ನ್ನು ಮೀರದು. ನಿಯಮವನ್ನು ಮರೆತರೆ ಕೆಟ್ಟ ಸಂದರ್ಭದಲ್ಲಿ ಅದು ಲಕ್ಷಗಳಿಗೆ ಏರಬಹುದು.

ಇದಕ್ಕಿಂತ ಕಠಿಣ ಸಮಸ್ಯೆ ಎದುರಾದದ್ದು ಲಿಸ್ಪ್ ಬಳಸುವವರಿಗೆ. ಬಳಕೆಯಲ್ಲಿರುವ ಮೆಮೊರಿಯನ್ನು ಗುರುತು ಹಾಕುತ್ತಾ ಹೋಗುವ ಗಾರ್ಬೇಜ್ ಕಲೆಕ್ಟರಿನ ಕೆಲಸ ಸಹಜವಾಗಿಯೇ ರಿಕರ್ಷನ್ ಬೇಡುತ್ತದೆ. ಆದರೆ ಅದು ಓಡುವುದೇ ಮೆಮೊರಿ ಮುಗಿದಾಗ. ಆ ಗಳಿಗೆಯಲ್ಲಿ ಸ್ಟ್ಯಾಕಿಗೆ ಜಾಗ ಎಲ್ಲಿಂದ ತರುವುದು? 1967ರಲ್ಲಿ ಶೋರ್ ಮತ್ತು ವೇಟ್ ಪ್ರಕಟಿಸಿದ ವಿಧಾನದಲ್ಲಿ, ಕಲೆಕ್ಟರ್ ಒಳಗಿಳಿಯುತ್ತಾ ಪಾಯಿಂಟರುಗಳನ್ನು ಹಿಮ್ಮುಖವಾಗಿ ತಿರುಗಿಸುತ್ತದೆ. ಮರಳುವಾಗ ಅವನ್ನು ಮೊದಲಿನಂತೆ ಸರಿಪಡಿಸುತ್ತಾ ಬರುತ್ತದೆ. ಮರಳುವ ದಾರಿ ದತ್ತಾಂಶದ ಮೈಯಲ್ಲೇ ಬರೆದಿರುವುದರಿಂದ ಬೇರೆ ಸ್ಟ್ಯಾಕ್ ಬೇಕಿಲ್ಲ. ಮಿತಿಯನ್ನು ಹಿಗ್ಗಿಸದೆ ಮಿತಿಯ ಪ್ರಶ್ನೆಯನ್ನೇ ಇಲ್ಲವಾಗಿಸಿದ ಈ ವಿಧಾನವನ್ನು ನಾನು ಈ ಚರಿತ್ರೆಯ ಅತ್ಯಂತ ಸುಂದರ ಪರಿಹಾರವೆಂದು ಎಣಿಸುತ್ತೇನೆ.

ಪತ್ತೆಯ ಹೊಣೆಯನ್ನು ಯಂತ್ರವೇ ಹೊತ್ತ ಒಳ್ಳೆಯ ಉದಾಹರಣೆ 1970ರ ದಶಕದ ಪಿಡಿಪಿ-11. ಅದರ ಸ್ಟ್ಯಾಕ್ ಮೇಲಿನ ವಿಳಾಸಗಳಿಂದ ಕೆಳಕ್ಕೆ ಬೆಳೆಯುತ್ತಿತ್ತು, ತೀರ ಕೆಳಗೆ ಯಂತ್ರದ ಟ್ರ್ಯಾಪ್ ವಿಳಾಸಗಳಿದ್ದವು. ಹಾಗಾಗಿ ಕೆಲವು ಮಾದರಿಗಳಲ್ಲಿ ಹಳದಿ ವಲಯ, ಕೆಂಪು ವಲಯ ಎಂಬ ಎರಡು ಗಡಿಗಳನ್ನಿಟ್ಟರು. ಹಳದಿಗೆ ಕಾಲಿಟ್ಟರೆ ಆದೇಶ ಪೂರ್ತಿಯಾಗಿ ಎಚ್ಚರಿಕೆ ಬರುತ್ತಿತ್ತು, ಕೆಂಪಿಗೆ ಕಾಲಿಟ್ಟರೆ ಆದೇಶವೇ ರದ್ದಾಗುತ್ತಿತ್ತು. ಇಂದಿನ ಗಾರ್ಡ್ ಪೇಜ್ ಇದೇ ವಿಚಾರದ ಮುಂದುವರಿಕೆ: ಸ್ಟ್ಯಾಕಿನ ಅಂಚಿಗೆ ಮುಟ್ಟಬಾರದ ಒಂದು ಪುಟವನ್ನಿಟ್ಟು, ಮುಟ್ಟಿದೊಡನೆ ಪ್ರೊಸೆಸರ್ ದೂರು ಕೊಡುವಂತೆ ಮಾಡುವುದು. ದೂರನ್ನು ಕೇಳಿಸಿಕೊಳ್ಳುವ ಕೋಡಿಗೂ ಸ್ಟ್ಯಾಕ್ ಬೇಕೆಂಬುದು ಇಲ್ಲಿನ ತೊಡಕು. ಯುನಿಕ್ಸ್ ವ್ಯವಸ್ಥೆಗಳು ಸಿಗ್ನಲ್‌ಗಳಿಗೆ ಪ್ರತ್ಯೇಕ ಸ್ಟ್ಯಾಕ್ ಕಲ್ಪಿಸಿದ್ದು ಇದಕ್ಕಾಗಿಯೇ.

ಭಾಷೆಗಳು ಇದನ್ನು ಒಂದೇ ರೀತಿ ನೋಡಲಿಲ್ಲ. 1983ರ ಏಡಾ ಜಾಗ ಸಾಲದಿದ್ದಾಗ ‘ಸ್ಟೋರೇಜ್ ಎರರ್’ ಎತ್ತಬೇಕೆಂದು ವಿಧಿಸಿತು. ಸಿ ಭಾಷೆಯ ಮಾನಕದಲ್ಲಿ ಸ್ಟ್ಯಾಕಿನ ಪ್ರಸ್ತಾಪವೇ ಇಲ್ಲ. ಜಾವಾ ಇದಕ್ಕಾಗಿಯೇ ಒಂದು ದೋಷವರ್ಗವನ್ನು ಇಟ್ಟುಕೊಂಡಿತು. ಪೈಥಾನ್ ಸಾಮಾನ್ಯವಾಗಿ 1000 ಕರೆಗಳಿಗೇ ತಡೆ ಹಾಕುತ್ತದೆ.

ಈ ಸಂದೇಶಗಳನ್ನು ಓದುವ ಕ್ರಮದ ಬಗ್ಗೆಯೂ ಹೇಳಬೇಕು. ಕರೆಗಳ ಪಟ್ಟಿಯಲ್ಲಿ ಅದೇ ಎರಡು ಮೂರು ಹೆಸರುಗಳು ಮತ್ತೆ ಮತ್ತೆ ಬರುತ್ತಿದ್ದರೆ, ಮತ್ತು ಪ್ರತಿ ಕರೆಯ ಆರ್ಗ್ಯುಮೆಂಟೂ ಒಂದೇ ಆಗಿದ್ದರೆ, ನಿಲ್ಲುವ ಷರತ್ತು ತಪ್ಪಿದೆ. ಆರ್ಗ್ಯುಮೆಂಟು ನಿಯಮಬದ್ಧವಾಗಿ ಕಿರಿದಾಗುತ್ತಲೇ ಸ್ಟ್ಯಾಕ್ ಮುಗಿದಿದ್ದರೆ, ತರ್ಕ ಸರಿಯಿದ್ದು ದತ್ತಾಂಶ ಆಳವಾಗಿರುವ ಸಾಧ್ಯತೆ ಹೆಚ್ಚು. ಆಗ ಸ್ವಂತ ಸ್ಟ್ಯಾಕನ್ನು ಹೀಪಿನಲ್ಲಿಟ್ಟು ಲೂಪಿಗೆ ಬದಲಾಯಿಸಬೇಕು, ಇಲ್ಲವೇ ಆಳಕ್ಕೆ ಮಿತಿ ಹಾಕಬೇಕು. ಪಟ್ಟಿ ತೀರ ಚಿಕ್ಕದಾಗಿದ್ದರೆ ಯಾವುದೋ ಫಂಕ್ಷನ್ನಿನಲ್ಲಿ ದೊಡ್ಡ ಅರೇ ಇದೆ ಎಂದು ಶಂಕಿಸಬಹುದು. ವಿಂಡೋಸ್‌ನಲ್ಲಿ ಸ್ಟ್ಯಾಕಿಗೆ ಸಾಮಾನ್ಯವಾಗಿ ಸಿಗುವುದು 1 ಎಂಬಿ, ಲಿನಕ್ಸಿನಲ್ಲಿ 8 ಎಂಬಿ. ಒಂದರಲ್ಲಿ ಓಡುವ ಕೋಡ್ ಇನ್ನೊಂದರಲ್ಲಿ ಬೀಳುವುದಕ್ಕೆ ಇದೂ ಒಂದು ಕಾರಣ. ಜಾವಾದ ಹಾಟ್‌ಸ್ಪಾಟ್ ಯಂತ್ರ ರೂಢಿಯಂತೆ ತೋರಿಸುವುದು ಕೊನೆಯ 1024 ಕರೆಗಳನ್ನು ಮಾತ್ರ. ಸುತ್ತು ಎಲ್ಲಿಂದ ಶುರುವಾಯಿತೆಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ, ಅದಕ್ಕೆ ಮಿತಿಯನ್ನು ಬದಲಾಯಿಸಿ ಮತ್ತೆ ಓಡಿಸಬೇಕು. ಕಾರಣ ಹುಡುಕದೆ ಸ್ಟ್ಯಾಕಿನ ಗಾತ್ರ ಹೆಚ್ಚಿಸುವ ರೂಢಿಯನ್ನು ನಾನು ಒಪ್ಪಲಾರೆ. ಮೊದಲ ಬಗೆಯ ದೋಷದಲ್ಲಿ ಅದು ಬೀಳುವ ಹೊತ್ತನ್ನು ಮುಂದೂಡುತ್ತದೆ, ಅಷ್ಟೇ.

ಗಾರ್ಡ್ ಪೇಜ್ ಇಲ್ಲದ ಕಡೆ ಹಳೆಯ ಅಪಾಯ ಹಾಗೆಯೇ ಉಳಿದಿದೆ. ಮೆಮೊರಿ ರಕ್ಷಣೆಯಿಲ್ಲದ ಚಿಕ್ಕ ಕಂಟ್ರೋಲರುಗಳಲ್ಲಿ ಸ್ಟ್ಯಾಕನ್ನು ಮೊದಲು ಒಂದು ಗೊತ್ತಾದ ಮಾದರಿಯಿಂದ ತುಂಬಿ, ಎಷ್ಟು ಅಳಿಸಿಹೋಗಿದೆಯೆಂದು ಆಮೇಲೆ ನೋಡುವುದು ವಾಡಿಕೆ. 2013ರ ಅಕ್ಟೋಬರಿನಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ನಡೆದ ಟೊಯೋಟಾ ವಿರುದ್ಧದ ಮೊಕದ್ದಮೆಯಲ್ಲಿ ಸ್ಟ್ಯಾಕ್ ನ್ಯಾಯಾಲಯದ ಚರ್ಚೆಯ ವಿಷಯವಾಯಿತು. ಕಾರು ತಾನಾಗಿ ವೇಗ ಹೆಚ್ಚಿಸಿಕೊಂಡಿತೆಂಬುದು ಆರೋಪ. ವಾದಿಗಳ ಪರ ತಜ್ಞ ಮೈಕೆಲ್ ಬಾರ್, ಕಂಪನಿ 41 ಪ್ರತಿಶತ ಎಂದಿದ್ದ ಸ್ಟ್ಯಾಕ್ ಬಳಕೆ ರಿಕರ್ಷನ್ ಲೆಕ್ಕಕ್ಕೆ ಸೇರಿಸದೆಯೇ 94 ಪ್ರತಿಶತದಷ್ಟಿತ್ತೆಂದು ಸಾಕ್ಷ್ಯ ನುಡಿದರು. 2011ರ ನಾಸಾ ಅಧ್ಯಯನವು ಎಲೆಕ್ಟ್ರಾನಿಕ್ ದೋಷವೇ ಕಾರಣವೆಂಬುದಕ್ಕೆ ಪುರಾವೆ ಕಂಡಿರಲಿಲ್ಲ ಎಂಬುದನ್ನೂ ಜೊತೆಗೇ ನೆನೆಯಬೇಕು. ವಾಹನೋದ್ಯಮದ ಮಿಸ್ರಾ ನಿಯಮಗಳು 1998ರಿಂದಲೂ ರಿಕರ್ಷನ್ ಬೇಡವೆನ್ನುತ್ತವೆ. ಅದನ್ನು ಕೈಬಿಟ್ಟರೆ ಗರಿಷ್ಠ ಆಳವನ್ನು ಓಡಿಸದೆಯೇ ಲೆಕ್ಕಹಾಕಬಹುದು, ಅಂದರೆ ಹಳೆಯ ಫೋರ್ಟ್ರಾನಿನ ಖಾತ್ರಿ ಬಹುಮಟ್ಟಿಗೆ ಮರಳಿ ಸಿಗುತ್ತದೆ.

ಲಿನಕ್ಸ್ ಕರ್ನಲ್ ಕೂಡ ಬಹುಕಾಲ ಕುರುಡಾಗಿಯೇ ಇತ್ತು. 2014ರಲ್ಲಿ 64 ಬಿಟ್ ಎಕ್ಸ್86 ಯಂತ್ರಗಳಿಗೆ ಕರ್ನಲ್ ಸ್ಟ್ಯಾಕನ್ನು 8ರಿಂದ 16 ಕೆಬಿಗೆ ಏರಿಸಿದರು. ಆದರೆ ಅದಕ್ಕೆ ಗಾರ್ಡ್ ಪೇಜ್ ಬಂದದ್ದು 2016ರ 4.9ನೇ ಆವೃತ್ತಿಯಲ್ಲಿ. ಮರುವರ್ಷ ಕ್ವಾಲಿಸ್ ಸಂಸ್ಥೆ ಬಹಿರಂಗಪಡಿಸಿದ ‘ಸ್ಟ್ಯಾಕ್ ಕ್ಲ್ಯಾಶ್’, ಬಳಕೆದಾರರ ಪ್ರೋಗ್ರಾಮುಗಳನ್ನು ಕಾಯುವ ಗಾರ್ಡ್ ಪೇಜಿನ ಕೊರತೆಯನ್ನೂ ತೋರಿಸಿತು. ಒಂದೇ ಫಂಕ್ಷನ್ 4 ಕೆಬಿಗಿಂತ ಹೆಚ್ಚು ಜಾಗ ಕೇಳಿದರೆ, ಸ್ಟ್ಯಾಕ್ ಕಾವಲಿನ ಪುಟವನ್ನು ಮುಟ್ಟದೆಯೇ ಆಚೆಗೆ ಹಾರಬಲ್ಲದು. ಕರ್ನಲ್ ಆ ಕಾವಲಿನ ಜಾಗವನ್ನು 4 ಕೆಬಿಯಿಂದ 1 ಎಂಬಿಗೆ ಹಿಗ್ಗಿಸಿತು. 2018ರಲ್ಲಿ ಬಂದ ಜಿಸಿಸಿ 8 ಕಂಪೈಲರ್, ದೊಡ್ಡ ಜಾಗ ತೆಗೆದುಕೊಳ್ಳುವಾಗ ನಡುವಿನ ಪ್ರತಿ ಪುಟವನ್ನೂ ಮುಟ್ಟಿಕೊಂಡೇ ಇಳಿಯುವ ಕೋಡ್ ರಚಿಸುವ ಆಯ್ಕೆಯನ್ನು ಕೊಟ್ಟಿತು.