"ಯಾರಾದ್ರೂ ದೊಡ್ಡೋರಿಗೆ ಕೊಡು"

1995ರ ಬೇಸಿಗೆ ರಜೆ. ನನಗೆ ಎಂಟು ವರ್ಷ. ಹರಪನಹಳ್ಳಿಯ ನಮ್ಮ ಮನೆಯ ಬಚ್ಚಲ ಬಾಗಿಲಲ್ಲಿ ಅಜ್ಜಿ ಬಿದ್ದಳು. ಮನೇಲಿ ನಾವಿಬ್ಬರೇ. ಪಕ್ಕದ ಮನೆಯಲ್ಲಿ ತಿರುಗಿಸುವ ಡಯಲ್ಲಿನ ಕಪ್ಪು ಫೋನ್ ಇತ್ತು. ಅವರೂ ಜವಳಿ ತರಲು ದಾವಣಗೆರೆಗೆ ಹೋಗಿದ್ದರು, ಕೆಲಸದ ಹುಡುಗಿ ಮಾತ್ರ ಬಾಗಿಲು ತೆಗೆದಳು. ಗೋಡೆಯ ಕ್ಯಾಲೆಂಡರಿನ ಮೇಲೆ ಯಾರೋ ಬರೆದಿಟ್ಟಿದ್ದ ನಂಬರಿಗೆ ಫೋನ್ ಮಾಡಿದೆ.

"ನಮ್ಮಜ್ಜಿ ಏಳವಲ್ಲಳ್ರೀ..."

"ಯಾರಾದ್ರೂ ದೊಡ್ಡೋರಿಗೆ ಕೊಡು."

"ಯಾರೂ ಇಲ್ರಿ."

"ಹುಡುಗಾಟ ಆಡ್ತೀಯೇನಲೇ?" ಠಪ್ ಅಂತ ಇಟ್ಟರು.

ಅದು ಯಾವ ಕಚೇರಿ ಅನ್ನೋದು ಈಗ ಬೇಡ. ಬೀದಿ ಕೊನೆಯಲ್ಲಿದ್ದ ಟೆಂಪೋ ಡ್ರೈವರ್ ಕಾಕಾ ಬಂದು ಅಜ್ಜಿಯನ್ನು ಎತ್ತಿಕೊಂಡು ಹೋದ. ಲಕ್ವ ಹೊಡೆದಿತ್ತು. ಅಜ್ಜಿ ಆಮೇಲೂ ಆರು ವರ್ಷ ಬದುಕಿದಳು, ಆದರೆ ಬಲಗೈ ಮೇಲೇಳಲಿಲ್ಲ. ಆ ಫೋನಿನಲ್ಲಿ ಕಳೆದ ಹೊತ್ತು ಎಷ್ಟು, ಅದರಿಂದ ಏನಾಯ್ತು ಅಂತ ಲೆಕ್ಕ ಹಾಕುವುದನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಈ ನೆನಪು ಕೆದಕಿದ್ದಕ್ಕೆ ಕಾರಣ, ಈಚೆಗೆ ತುರ್ತು ಫೋನಿನ ಇತಿಹಾಸ ಓದ್ತಾ ಕೂತಿದ್ದೆ. ಲಂಡನ್ನಿನಲ್ಲಿ 1935ರ ನವೆಂಬರಿನಲ್ಲಿ ವಿಂಪೋಲ್ ಸ್ಟ್ರೀಟಿನ ಒಂದು ಮನೆಗೆ ಬೆಂಕಿ ಬಿದ್ದು ಐವರು ಹೆಂಗಸರು ಸತ್ತರು. ಫೋನ್ ಮಾಡಿದ ನೆರೆಯವನನ್ನು ಎಕ್ಸ್‌ಚೇಂಜ್ ಸರತಿಯಲ್ಲಿ ಕಾಯಿಸಿತ್ತು. ಅದರ ಗದ್ದಲದಿಂದ 1937ರ ಜೂನ್ 30ಕ್ಕೆ 999 ಶುರುವಾಯ್ತು. ಅಮೆರಿಕದ 911ರ ಮೊದಲ ಕರೆ 1968ರಲ್ಲಿ, ಅಲಬಾಮದ ಹೇಲಿವಿಲ್ ಎಂಬ ಸಣ್ಣ ಊರಲ್ಲಿ. ನಮ್ಮಲ್ಲಿ 100, 101, 102 ಬಂದವು. ಇವೆಲ್ಲದರ ಹಿಂದೆ ಇದ್ದ ಕಲ್ಪನೆ ಒಂದೇ: ಫೋನ್ ಮಾಡುವವನು ದೊಡ್ಡವನು, ವಿಳಾಸ ಗೊತ್ತಿರುವವನು.

ಆ ಕಲ್ಪನೆ ಎಲ್ಲಿ ಮುರಿದು ಬೀಳುತ್ತೆ ಅನ್ನೋದಕ್ಕೆ ಡೆಟ್ರಾಯಿಟ್ ಸಾಕು. 2006ರ ಫೆಬ್ರವರಿಯಲ್ಲಿ ಅಲ್ಲಿ ಐದು ವರ್ಷದ ಹುಡುಗನೊಬ್ಬ ಅಮ್ಮ ಬಿದ್ದಿದ್ದಾಳೆ ಅಂತ 911ಕ್ಕೆ ಫೋನ್ ಮಾಡಿದ. ದೊಡ್ಡವರಿಗೆ ಕೊಡು ಅಂದರು. ಮತ್ತೆ ಮೂರು ಗಂಟೆ ಬಿಟ್ಟು ಮಾಡಿದ, ಈ ಸಲ ಗದರಿಸಿದರು. ಪೊಲೀಸರು ಬರುವ ಹೊತ್ತಿಗೆ ತಾಯಿ ತೀರಿಕೊಂಡಿದ್ದಳು. ಕರೆ ತಗೊಂಡವರಲ್ಲಿ ಒಬ್ಬಾಕೆಗೆ 2008ರಲ್ಲಿ ಕರ್ತವ್ಯಲೋಪಕ್ಕೆ ಶಿಕ್ಷೆಯಾಯ್ತು. ಓದಿದಾಗ ಹನ್ನೊಂದು ವರ್ಷ ಹಿಂದಿನ ನನ್ನ ಆ ಕಪ್ಪು ಫೋನೇ ಕಿವಿಗೆ ಹಿಡಿದಂತಾಯ್ತು. ಸಾಗರದಾಚೆಯೂ ಅದೇ ಡೈಲಾಗು!

ಹಾಗಂತ ಮಗುವನ್ನೇ ಮನಸ್ಸಲ್ಲಿಟ್ಟುಕೊಂಡು ಯಾರೂ ಯೋಚಿಸಲಿಲ್ಲ ಅಂತಲ್ಲ. ಯೋಚಿಸಿದ್ದು ನಮ್ಮ ಮುಂಬೈಯಲ್ಲೇ. ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್‌ನಲ್ಲಿದ್ದ ಜೆರೂ ಬಿಲಿಮೋರಿಯಾ ಅವರಿಗೆ ಬೀದಿ ಮಕ್ಕಳು ರಾತ್ರಿ ಹೊತ್ತು ಮನೆಗೇ ಫೋನ್ ಮಾಡುತ್ತಿದ್ದರಂತೆ. ಅದರಿಂದ ಹುಟ್ಟಿದ್ದು 1996ರ ಚೈಲ್ಡ್‌ಲೈನ್. ನಂಬರ್ 1098. ಟೆನ್, ನೈನ್, ಏಯ್ಟ್ ಅಂತ ಹಿಂದಕ್ಕೆ ಎಣಿಸಿದರೆ ಮುಗೀತು, ಓದು ಬರದ ಹುಡುಗನಿಗೂ ಮರೆಯಲ್ಲ. ಬೀದಿಯಲ್ಲೇ ಬೆಳೆದ ಹುಡುಗರೂ ಅಲ್ಲಿ ಕೆಲಸ ಮಾಡಿದರು. ನನಗೆ ಬಹಳ ಹಿಡಿಸಿದ್ದು ಮಾತಿಲ್ಲದ ಕರೆಗಳನ್ನು ಅವರು ನೋಡಿದ ರೀತಿ. ಮಗು ಫೋನ್ ಮಾಡಿ ಸುಮ್ಮನಿದ್ದರೆ ಅದು ರಾಂಗ್ ನಂಬರ್ ಅಲ್ಲ, ಧೈರ್ಯ ಸಾಲದ ಮಗು ಇರಬಹುದು ಅಂತ ಅವನ್ನೂ ಬೇರೆಯಾಗಿ ಲೆಕ್ಕಕ್ಕೆ ಹಿಡಿದರು. ನನ್ನ ಕರೆ 1995ರದ್ದು. ಒಂದೇ ವರ್ಷ ಮೊದಲು! ನಮ್ಮೂರಿಗೆ ಅದು ಮುಟ್ಟೋಕೆ ಇನ್ನೂ ಎಷ್ಟೋ ವರ್ಷ ಹಿಡಿಯಿತು ಅನ್ನೋದು ಬೇರೆ ಮಾತು.

2008ರ ನವೆಂಬರ್ 1ಕ್ಕೆ ರಾಜ್ಯದಲ್ಲಿ 108 ಆರೋಗ್ಯ ಕವಚ ಬಂತು. ಜಪಮಾಲೆಯ ಮಣಿಯ ಸಂಖ್ಯೆ, ನಮ್ಮಜ್ಜಿ ಇದ್ದಿದ್ದರೆ ಅವಳಿಗೂ ಬಾಯಿಪಾಠ ಆಗ್ತಿತ್ತು. ಆಮೇಲೆ 112. 2023ರಲ್ಲಿ 1098ನ್ನು ಸರ್ಕಾರವೇ ವಹಿಸಿಕೊಂಡು 112ರ ಜೊತೆ ಜೋಡಿಸಿತು. ಇದು ಒಳ್ಳೆಯದೋ ಕೆಟ್ಟದ್ದೋ ಅನ್ನೋ ಜಗಳ ಇದೆ. ನನ್ನ ಭಯ ಇಷ್ಟೇ: ಪೊಲೀಸ್, ಬೆಂಕಿ, ಆಂಬ್ಯುಲೆನ್ಸ್ ಕರೆಗಳ ನಡುವೆ ಸುಮ್ಮನಿರುವ ಮಗುವಿಗಾಗಿ ಕಾಯುವ ತಾಳ್ಮೆ ಉಳಿಯುತ್ತಾ?

ಈಗ ನಮ್ಮ ಕಡೆ ಮಗು ಫೋನ್ ಮಾಡಿದರೆ ಏನಾಗುತ್ತೆ ನೋಡಿ. ಕರೆ ಹೋಗೋದು ದೂರದ ಕಾಲ್ ಸೆಂಟರಿಗೆ. "ಯಾವ ಜಿಲ್ಲೆ?" ಅಂತಾರೆ. ಅಯ್ಯೋ, ಈ ಪ್ರಶ್ನೆಗೆ ನಮ್ಮೂರಿನ ದೊಡ್ಡವರೇ ತಡವರಿಸ್ತಾರೆ! ನಾನು ಹುಟ್ಟಿದಾಗ ಬಳ್ಳಾರಿ. 1997ರಲ್ಲಿ ದಾವಣಗೆರೆ. ಇಪ್ಪತ್ತು ವರ್ಷ ಬಿಟ್ಟು ಮತ್ತೆ ಬಳ್ಳಾರಿ. 2021ರಲ್ಲಿ ವಿಜಯನಗರ. ಮನೆ ಮಾತ್ರ ಅಲ್ಲೇ ಇದೆ :-)

"ಯಾವ ಊರು?" ಅಂದ್ರೆ ಮಗು "ಅರಸೀಕೆರೆ" ಅನ್ನುತ್ತೆ. ನಮ್ಮ ತಾಲ್ಲೂಕಿನಲ್ಲೂ ಒಂದು ಅರಸೀಕೆರೆ ಇದೆ ಸ್ವಾಮಿ, ಹಾಸನ ಜಿಲ್ಲೆಯದ್ದೇ ಬೇರೆ. "ಚಿಗಟೇರಿ" ಅಂದರೆ ಊರು, ದಾವಣಗೆರೆಯ ಜಿಲ್ಲಾಸ್ಪತ್ರೆಯ ಹೆಸರೂ ಚಿಗಟೇರಿಯೇ. ಮೊಬೈಲ್ ಟವರ್ ತೋರಿಸುವ ಜಾಗ ಹಳ್ಳಿ ಕಡೆ ಬಹಳ ಅಗಲ. ಜೊತೆಗೆ "ಏಳವಲ್ಲಳು" ಅನ್ನೋ ಮಾತು ಬೆಂಗಳೂರಿನ ಕಿವಿಗೆ ಬೀಳಬೇಕಲ್ಲ. ಏಳುತ್ತಾ ಇಲ್ಲ ಅಂತ ಅರ್ಥ, ಹಟ ಮಾಡ್ತಿದ್ದಾಳೆ ಅಂತಲ್ಲ.

ಹಾಗಾಗಿ ಕೇಳಬೇಕಾದ್ದು ಮಗುವಿಗೆ ಗೊತ್ತಿರುವುದನ್ನು. ಬಸ್ಸಿನ ಬೋರ್ಡಿನಲ್ಲಿ ಏನು ಬರೆದಿರುತ್ತೆ? ಯಾವ ಗುಡಿ ಹತ್ರ? ನೀನು ಹೋಗೋ ಸಾಲಿ ಎಲ್ಲೈತಿ? ಮಗುವಿನ ಹೆಸರು ಕೇಳಿ ಹೆಸರು ಹಿಡಿದೇ ಮಾತಾಡಿಸಬೇಕು. "ಉಸಿರಾಡ್ತಿದ್ದಾರಾ?" ಅನ್ನೋ ಬದಲು, ಅವ್ವನ ಹೊಟ್ಟೆ ಮೇಲೆ-ಕೆಳಗೆ ಆಗ್ತೈತೇನು ನೋಡು ಅಂದರೆ ಮಗು ನೋಡಿ ಹೇಳುತ್ತೆ. ಹೌದು-ಇಲ್ಲ ಪ್ರಶ್ನೆ ಕೇಳಿದರೆ ಪುಟ್ಟ ಮಕ್ಕಳು ಫೋನಿನಲ್ಲೂ ತಲೆ ಅಲ್ಲಾಡಿಸಿ ಸುಮ್ಮನಾಗುತ್ತವೆ, ಆಚೆ ಕಡೆಯವರಿಗೆ ಲೈನ್ ಸತ್ತಂತೆ ಕಾಣುತ್ತೆ! ಗಾಬರಿ ಆಗಬೇಡ ಅನ್ನೋದರಿಂದ ಏನೂ ಪ್ರಯೋಜನ ಇಲ್ಲ. ಚಿಲಕ ತೆಗೆದು ಬಾ, ಹೊರಗಿನ ದೀಪ ಹಾಕು, ಮತ್ತೆ ಬಂದು ನನಗೆ ಹೇಳು ಅಂತ ಕೆಲಸ ಕೊಡಬೇಕು. ಹುಡುಗಾಟವೇ ಅನ್ನಿಸಿದರೂ ಗಾಡಿ ಕಳಿಸಬೇಕು. ಹತ್ತು ಸಲ ಸುಳ್ಳಾದರೆ ಡೀಸೆಲ್ ಹೋಗುತ್ತೆ, ಅಷ್ಟೇ ತಾನೇ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ತಂಗಿಯ ಆರು ವರ್ಷದ ಮಗನಿಗೆ 112 ಕಲಿಸಿದೆ. ಆಮೇಲೆ "ವಿಜಯನಗರ ಜಿಲ್ಲೆ, ಹರಪನಹಳ್ಳಿ ತಾಲ್ಲೂಕು" ಅಂತ ಇಪ್ಪತ್ತು ಸಲ ಹೇಳಿಸಿದೆ. ಚೆನ್ನಾಗಿ ಹೇಳಿದ. ಕೊನೆಗೆ ಕೇಳಿದ: "ಮಾಮಾ, ಅವ್ರು ದೊಡ್ಡೋರಿಗೆ ಕೊಡು ಅಂದ್ರೆ?"

"ನಾನೇ ಇರೋದು, ನಂಗೇ ಹೇಳ್ರಿ ಅನ್ನು" ಅಂದೆ. ಅದನ್ನೂ ಇಪ್ಪತ್ತು ಸಲ ಹೇಳಿದ.