ಮೀಟರ್ ಕೆಂಪು ತೋರಿಸಿದರೆ ಮೊಬೈಲ್ ಟವರ್ ಅಪಾಯಕಾರಿಯೇ?

ಟವರ್ ಪಕ್ಕದ ಮನೆಯ ಟೆರೇಸ್, ಕೈಯಲ್ಲೊಂದು ಪುಟ್ಟ ಮೀಟರ್. ಬೀಪ್ ಸದ್ದಿನೊಂದಿಗೆ ಕೆಂಪು ದೀಪ ಹತ್ತುತ್ತದೆ. "ರೇಡಿಯೇಷನ್ ನೋಡಿ, ಮಕ್ಕಳಿರುವ ಎಲ್ಲರಿಗೂ ಕಳಿಸಿ" ಎಂಬ ಒಕ್ಕಣೆ. ತುಮಕೂರಿನ ಬಡಾವಣೆಯ ಗ್ರೂಪ್‌ಗಾಗಲಿ, ಗುಬ್ಬಿ ಅಥವಾ ಕುಣಿಗಲ್‌ನ ಊರಿನ ಗ್ರೂಪ್‌ಗಾಗಲಿ ಇಂಥ ವಿಡಿಯೋ ಬಂದರೆ ಭಯವಾಗುವುದು ಸಹಜ. ಆದರೆ ಫಾರ್ವರ್ಡ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳೋಣ: ಆ ಮೀಟರ್‌ನೊಳಗಿರುವ ಸೆನ್ಸರ್ ಯಾವುದು?

ಚುಟುಕು ಉತ್ತರ

ಕೆಂಪು ದೀಪ ಅಪಾಯಕ್ಕೆ ಸಾಕ್ಷಿಯಲ್ಲ. ಹಾಗೆಯೇ ಹಸಿರು ದೀಪ ಸುರಕ್ಷತೆಗೂ ಸಾಕ್ಷಿಯಲ್ಲ. ದೀಪ ಎಷ್ಟಕ್ಕೆ ಹತ್ತಬೇಕೆಂದು ನಿರ್ಧರಿಸುವುದು ಮೀಟರ್ ತಯಾರಕರು, ಕಾನೂನಲ್ಲ.

ಸೆನ್ಸರ್‌ಗಳಲ್ಲಿ ಎಷ್ಟು ಬಗೆ?

ಚಿನ್ನದಂಗಡಿಯ ತಕ್ಕಡಿಯಲ್ಲಿ ಕೊಬ್ಬರಿ ಮೂಟೆ ತೂಗಲಾಗದು, ಮೂಟೆಯ ತಕ್ಕಡಿಯಲ್ಲಿ ಮೂಗುತಿ ತೂಗಲಾಗದು. ರೇಡಿಯೋ ತರಂಗದ ಶಕ್ತಿ ಅಳೆಯುವುದೂ ಹೀಗೆಯೇ.

• ಡಯೋಡ್ ಸೆನ್ಸರ್: ಅತಿ ಕ್ಷೀಣ ಸಿಗ್ನಲ್ಲನ್ನೂ ಹಿಡಿಯುತ್ತದೆ, ವೇಗವಾಗಿ ಸ್ಪಂದಿಸುತ್ತದೆ. ಆದರೆ ಸಿಗ್ನಲ್ ಸುಮಾರು 10 ಮೈಕ್ರೋವ್ಯಾಟ್ ದಾಟಿದರೆ ಅದರ ಲೆಕ್ಕ ನೇರವಾಗಿರುವುದಿಲ್ಲ. ಸರಿಪಡಿಸುವ ವ್ಯವಸ್ಥೆ ಇಲ್ಲದಿದ್ದರೆ, 4ಜಿ, 5ಜಿಯಂಥ ಏರಿಳಿತದ ಸಿಗ್ನಲ್‌ನಲ್ಲಿ ಸರಾಸರಿ ತಪ್ಪಾಗುತ್ತದೆ.

• ಥರ್ಮೋಕಪಲ್ ಸೆನ್ಸರ್: ತರಂಗದಿಂದ ಹುಟ್ಟುವ ಬಿಸಿಯನ್ನು ಅಳೆಯುತ್ತದೆ. ಸಿಗ್ನಲ್ ಹೇಗೇ ಕುಣಿಯಲಿ, ನಿಜವಾದ ಸರಾಸರಿ ಕೊಡುತ್ತದೆ. ಆದರೆ ನಿಧಾನ. ತೀರಾ ಕ್ಷೀಣ ಸಿಗ್ನಲ್ ಇದಕ್ಕೆ ಕಾಣುವುದಿಲ್ಲ.

• ಥರ್ಮಿಸ್ಟರ್ ಸೆನ್ಸರ್: ಬಿಸಿಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವುದನ್ನು ಬಳಸುತ್ತದೆ. ಉಳಿದ ಮೀಟರ್‌ಗಳನ್ನು ಪರೀಕ್ಷಿಸುವ ಪ್ರಯೋಗಾಲಯಗಳಿಗೆ ಸೂಕ್ತ.

ಕ್ಷೀಣ ಸಿಗ್ನಲ್ಲಿಗೆ, ಕ್ಷಣಿಕ ಏರಿಕೆಗೆ ಡಯೋಡ್. ಬಲವಾದ ಸಿಗ್ನಲ್‌ನ ನಿಖರ ಸರಾಸರಿಗೆ ಥರ್ಮೋಕಪಲ್. ಎಲೆಕ್ಟ್ರಾನಿಕ್ಸ್ ಓದುವ ವಿದ್ಯಾರ್ಥಿಗಳು ಲ್ಯಾಬ್‌ಗೆ ಸೆನ್ಸರ್ ಆರಿಸುವಾಗಲೂ ಇದೇ ಸೂತ್ರ.

ವಿಡಿಯೋದ ಮೀಟರ್ ಎಡವುವುದು ಎಲ್ಲಿ?

ಅಗ್ಗದ ಮೀಟರ್‌ಗಳು ಸಾಮಾನ್ಯವಾಗಿ ಡಯೋಡ್‌ನವು, ಕ್ಷಣಿಕ ಏರಿಕೆಗೂ ಕಿರುಚುತ್ತವೆ. ಸುರಕ್ಷತಾ ಮಿತಿ ಹೇಳುವುದು ಕೆಲವು ನಿಮಿಷಗಳ ಸರಾಸರಿಯನ್ನು. ಮೇಲಾಗಿ ಸಿಗ್ನಲ್ ಟವರ್‌ದೋ, ಮನೆಯ ವೈಫೈದೋ, ವಿಡಿಯೋ ಮಾಡುತ್ತಿರುವ ಫೋನಿನದೋ ಎಂದು ಅವು ಹೇಳುವುದಿಲ್ಲ.

ಫೋನಿನ "ರೇಡಿಯೇಷನ್ ಡಿಟೆಕ್ಟರ್" ಆ್ಯಪ್‌ಗಳಂತೂ ಹೆಚ್ಚಾಗಿ ದಿಕ್ಸೂಚಿಯ ಕಾಂತೀಯ ಸೆನ್ಸರ್ ಬಳಸುತ್ತವೆ. ಅದಕ್ಕೆ ಟವರ್‌ನ ತರಂಗ ತಿಳಿಯುವುದೇ ಇಲ್ಲ. ಕಬ್ಬಿಣದ ಬೀಗ ಹತ್ತಿರ ತಂದರೂ ಸಂಖ್ಯೆ ಏರಬಹುದು!

ಮಿತಿ ಎಷ್ಟು?

2012ರ ಸೆಪ್ಟೆಂಬರ್ 1ರಿಂದ ಭಾರತ ತನ್ನ ಮಿತಿಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ಅದರ ಪ್ರಕಾರ 1800 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 900 ಮಿಲಿವ್ಯಾಟ್. ಒಂದು ಲೆಕ್ಕ ಹಾಕೋಣ: ಆಂಟೆನಾ ತನ್ನ ಮುಖ್ಯ ದಿಕ್ಕಿನಲ್ಲಿ 1000 ವ್ಯಾಟ್‌ಗೆ ಸಮನಾದ ಶಕ್ತಿ ಬೀರಿದರೆ, 50 ಮೀಟರ್ ದೂರದಲ್ಲಿ ಸಿಗುವುದು ಚದರ ಮೀಟರಿಗೆ ಸುಮಾರು 32 ಮಿಲಿವ್ಯಾಟ್. ಇದು ಮಿತಿಗಿಂತ ಬಹಳ ಕೆಳಗೆ. ಆದರೂ ಅಗ್ಗದ ಮೀಟರ್ ಕೆಂಪಾಗಬಹುದು.

ಹಾಗಾದರೆ ಚಿಂತೆಯೇ ಬೇಡವೇ?

ಪ್ರಶ್ನೆ ಕೇಳುವುದು ತಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ತರಂಗಗಳನ್ನು 2ಬಿ ಗುಂಪಿಗೆ ಸೇರಿಸಿದೆ. ಅರ್ಥ: ಕ್ಯಾನ್ಸರ್ ತರುವ ಸಾಧ್ಯತೆ ತಳ್ಳಿಹಾಕಲಾಗದು, ಆದರೆ ಪುರಾವೆ ಸೀಮಿತ. ಇನ್ನೊಂದು ಮಾತು: ಸಿಗ್ನಲ್ ಕ್ಷೀಣವಾದಷ್ಟೂ ಕಿವಿಗೆ ಒತ್ತಿಕೊಂಡ ನಿಮ್ಮ ಫೋನು ಹೆಚ್ಚು ಶಕ್ತಿ ಬೀರುತ್ತದೆ. ಟವರ್ ದೂರವಿರುವ ಹಳ್ಳಿಗಳಲ್ಲಿ ಇಯರ್‌ಫೋನ್ ಅಥವಾ ಸ್ಪೀಕರ್ ಬಳಸಿ.

ಅನುಮಾನವಿದ್ದರೆ

2017ರಲ್ಲಿ ಆರಂಭವಾದ ದೂರಸಂಪರ್ಕ ಇಲಾಖೆಯ "ತರಂಗ್ ಸಂಚಾರ್" ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿ ಮಾಪನಕ್ಕೆ ಕೋರಬಹುದು. ಎಲ್ಲ ದಿಕ್ಕಿನ ತರಂಗ ಹಿಡಿಯುವ, ಕ್ಯಾಲಿಬ್ರೇಷನ್ ಆದ ಉಪಕರಣದಿಂದ ಅಳೆದ ಅಂಕಿ ನಿಮ್ಮ ಕೈಸೇರುತ್ತದೆ. ಮನೆ ಬದಲಿಸುವ ಅಥವಾ "ರೇಡಿಯೇಷನ್ ತಡೆಯುವ" ಸ್ಟಿಕ್ಕರ್ ಕೊಳ್ಳುವ ಮೊದಲು ಆ ಅಂಕಿ ನೋಡಿ. ಮುಂದಿನ ಸಲ ಕೆಂಪು ದೀಪದ ವಿಡಿಯೋ ಬಂದಾಗ ಕಳಿಸಿದವರನ್ನು ಕೇಳಿ: ಯಾವ ಸೆನ್ಸರ್? ಸರಾಸರಿ ಎಷ್ಟು? ಉತ್ತರವಿಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ.